ದಂಡೆ ರಸ್ತೆಯ ಏಳು ದೀಪಗಳು

2019ರ ಡಿಸೆಂಬರ್ 3ನೆಯ ತಾರೀಖು, ಮಂಗಳವಾರ, ಸಂಜೆ ಆರು ಗಂಟೆ ಮೂವತ್ತೈದು ನಿಮಿಷಕ್ಕೆ, ಸ್ಕಾರ್ವಿಕಾ ಎಂಬ ಇನ್ನೂರ ಹನ್ನೆರಡು ಜನರ ಕಡಲಂಚಿನ ಊರಿನಲ್ಲಿ, ಒಡ್ಲೈವ್ ತನ್ನ ಎಪ್ಪತ್ತು ವರ್ಷಗಳ ಬಾಳಿನಲ್ಲಿ ಮೊದಲ ಬಾರಿಗೆ ಪ್ರವಾಸಿಯಾಗಿ ಮನೆಯಿಂದ ಹೊರಟ. ಅವನು ಕ್ರಮಿಸಬೇಕಾಗಿದ್ದ ದೂರ ಮುನ್ನೂರ ನಲವತ್ತು ಮೀಟರು.

ಉತ್ತರ ಧ್ರುವಕ್ಕೆ ಹತ್ತಿರದ ಆ ಊರಿನಲ್ಲಿ, ನವೆಂಬರ್ 24ರಂದು ಬೆಟ್ಟದ ಹಿಂದೆ ಸರಿದ ಸೂರ್ಯ ಜನವರಿ 18ಕ್ಕೆ ಮೊದಲು ಮುಖ ತೋರಿಸುವವನಲ್ಲ. ಹಾಗಾಗಿ ಸಂಜೆಯಾಯಿತೆಂಬುದನ್ನು ಆ ದಿನಗಳಲ್ಲಿ ಗಡಿಯಾರವೇ ಹೇಳಬೇಕು. ಒಡ್ಲೈವ್ ಬಾಗಿಲ ಬಳಿಯ ಮಣೆಯ ಮೇಲೆ ಕುಳಿತು ಬೂಟಿನ ದಾರ ಬಿಗಿಯುತ್ತಿದ್ದಾಗ ಹೆಂಡತಿ ಆಸ್ಲೌಗ್ ಅಡುಗೆಮನೆಯಿಂದ ಇಣುಕಿದಳು.

"ಟಿಕೆಟ್ಟಿಗೆ ಏನಂತ ಹೆಸರು ಕೊಟ್ಟಿದ್ದೀಯ?"

"ನಿನ್ನ ತವರಿಂದು. ಬರೀ ಹಾನ್ಸೆನ್ ಅಂತ."

"ಅಯ್ಯೋ ಮಹರಾಯ! ಕತ್ತಲಲ್ಲಿ ನೀನು ಒಂದ್ಸಲ ಕೆಮ್ಮಿದ್ರೆ ಸಾಕು, ಬಂಡೆ ಮೇಲಿರೋ ನೀರುಕಾಗೆಗೂ ಗೊತ್ತಾಗುತ್ತೆ, ಇವನು ದೀಪದ ಒಡ್ಲೈವ್ ಅಂತ. ಬೂಟಿಗೆ ಮುಳ್ಳುಪಟ್ಟಿ ಕಟ್ಕೊ. ಹಿಮ ಗಟ್ಟಿಯಾಗಿ ದಾರಿ ಗಾಜಾಗಿದೆ."

"ಪ್ರವಾಸಿಗಳಿಗೆ ಬೇಕು ಅದು. ಆ ರಸ್ತೆ ನನಗೆ ಗೊತ್ತು."

"ಗೊತ್ತಿದ್ದೋರೇ ಮೊದಲು ಬೀಳೋದು" ಎಂದು ಆಕೆ ಆಲೂಗೆಡ್ಡೆ ಸುಲಿಯಲು ಹಿಂತಿರುಗಿದಳು.

ಒಡ್ಲೈವ್ ಹುಟ್ಟಿದ್ದು 1949ರ ಮಾರ್ಚ್ 30ರಂದು. 1970ರ ಆಗಸ್ಟ್ 3, ಸೋಮವಾರ, ಪುರಸಭೆಯ ವಿದ್ಯುತ್ ಕೆಲಸಗಾರನಾಗಿ ಸೇರಿದವನು 2016ರ ಮಾರ್ಚ್ 31, ಗುರುವಾರ, ನಿವೃತ್ತನಾದ. ನಡುವಿನ ನಲವತ್ತೈದು ವರ್ಷ ಏಳು ತಿಂಗಳಲ್ಲಿ ಅವನು ಸುತ್ತಲಿನ ಹನ್ನೊಂದು ಹಳ್ಳಿಗಳಿಗೆ ಬೀದಿದೀಪ ಹಾಕಿದ್ದಾನೆ. ಆದರೆ 'ನನ್ನ ದೀಪ' ಎಂದು ಅವನು ಹೇಳುವುದು ಸ್ಕಾರ್ವಿಕಾದ ದಂಡೆ ರಸ್ತೆಯ ಏಳನ್ನು ಮಾತ್ರ. ಪೂರ್ವದ ತುದಿಯ ಶಾಲೆಯಿಂದ ಪಶ್ಚಿಮದ ತುದಿಯಲ್ಲಿ ಮೀನಿಗೆ ಉಪ್ಪು ಹಾಕಿಡುತ್ತಿದ್ದ ಹಳೆಯ ಮೀನುಪ್ಪಿನ ಮನೆಯವರೆಗೆ, ಒಂದು ಪಕ್ಕಕ್ಕೆ ಸಮುದ್ರ, ಇನ್ನೊಂದು ಪಕ್ಕಕ್ಕೆ ಮೀನು ಒಣಗಿಸುವ ಮರದ ಚೌಕಟ್ಟುಗಳು; ಅದರ ನಡುವೆ ಆ ಏಳು ಕಂಬಗಳು.

ಅವು ಬಂದದ್ದಕ್ಕೆ ಒಂದು ಕಾರಣವಿತ್ತು, ಆ ಕಾರಣಕ್ಕೆ ಒಂದು ತಾರೀಖೂ ಇತ್ತು. 1972ರ ಡಿಸೆಂಬರ್ 7, ಗುರುವಾರ. ಅಂದು ಸಂಜೆ ನಾಲ್ಕೂ ಮುಕ್ಕಾಲಿಗೆ, ಶಾಲೆಯಲ್ಲಿ ಕ್ರಿಸ್‌ಮಸ್ ನಾಟಕದ ತಾಲೀಮು ಮುಗಿಸಿ, ಯೋರ್ಡಿಸ್ ಎಂಬ ಒಂಬತ್ತು ವರ್ಷದ ಹುಡುಗಿ ಒಬ್ಬಳೇ ಮನೆಗೆ ಹೊರಟಳು. ಮನೆಯೆಂದರೆ ಅದೇ ಮೀನುಪ್ಪಿನ ಮನೆಯ ಮಾಳಿಗೆ. ಸಮುದ್ರದಿಂದ ಹಿಮದ ಬಿರುಗಾಳಿ ಬಂದು, ನಿಂತು, ಮತ್ತೆ ಬರುತ್ತಿದ್ದ ದಿನ ಅದು. ಆರಾದರೂ ಹುಡುಗಿ ಮನೆ ಸೇರಲಿಲ್ಲ. ಊರಿನ ಗಂಡಸರೆಲ್ಲ ಲಾಟೀನು ಹಿಡಿದು ಹುಡುಕಿದರು. ಏಳು ಗಂಟೆ ಹತ್ತು ನಿಮಿಷಕ್ಕೆ ಚೌಕಟ್ಟುಗಳ ಹಿಂದೆ ಅವಳು ಮುದುರಿ ಕುಳಿತಿದ್ದುದನ್ನು ಕಂಡವನು ಇಪ್ಪತ್ತಮೂರು ವರ್ಷದ ಒಡ್ಲೈವ್. ಅವಳ ಎಡಗೈಗೆ ಗವಸಿರಲಿಲ್ಲ. ಅವನು ಅವಳನ್ನು ಕೋಟಿನೊಳಗೆ ಅವಚಿಕೊಂಡು ಮನೆಗೆ ಓಡಿದ. ಡಿಸೆಂಬರ್ 15ರಂದು ಪಟ್ಟಣದ ಆಸ್ಪತ್ರೆಯಲ್ಲಿ, ಹಿಮಕ್ಕೆ ಸತ್ತುಹೋದ ಕಿರುಬೆರಳನ್ನೂ ಉಂಗುರದ ಬೆರಳನ್ನೂ ತೆಗೆದರು. ಮಗು ಕತ್ತಲಲ್ಲಿ ದಾರಿ ತಪ್ಪಿತೆಂದು ಊರು ಮರುಗಿತು, ಪುರಸಭೆ ನಾಚಿತು, ಮತ್ತು 1973ರ ಅಕ್ಟೋಬರ್ 19ರ ಶುಕ್ರವಾರ ಏಳು ದೀಪಗಳು ಒಟ್ಟಿಗೆ ಹೊತ್ತಿಕೊಂಡವು. ಹುಡುಗಿ ಸಿಕ್ಕಿದ ಜಾಗದೆದುರು ನಾಲ್ಕನೆಯ ಕಂಬ ಬರುವಂತೆ ಅಳೆದವನೂ, ಅದರ ಬುಡದಲ್ಲೇ ಸ್ವಿಚ್ ಪೆಟ್ಟಿಗೆ ಇಟ್ಟವನೂ ಒಡ್ಲೈವ್.

ಅಂದಿನಿಂದ ಪ್ರತಿ ಕ್ರಿಸ್‌ಮಸ್‌ಗೂ ಯೋರ್ಡಿಸ್ ಅವನ ಮನೆಗೆ ಒಂದು ಡಬ್ಬಿ ತಿಂಡಿ ಕಳುಹಿಸುತ್ತ ಬಂದಿದ್ದಳು. ಮೊದಲು ಅವಳ ತಾಯಿಯ ಕೈಯಿಂದ, ಆಮೇಲೆ ತಾನೇ ಮಾಡಿ. ಖಾಲಿಯಾದ ನಲವತ್ತಾರು ಡಬ್ಬಿಗಳಲ್ಲಿ ಅವನು ಮೊಳೆ, ತಿರುಪು, ಫ್ಯೂಸುಗಳನ್ನು ವಿಂಗಡಿಸಿ ಇಟ್ಟಿದ್ದ. ಪುರಸಭೆ ಅವನಿಗೆ ನಿವೃತ್ತಿಯ ದಿನ ಕೊಟ್ಟ ಗಡಿಯಾರಕ್ಕಿಂತ ಆ ಡಬ್ಬಿಗಳ ಸಾಲು ಅವನಿಗೆ ದೊಡ್ಡ ಸನ್ಮಾನವಾಗಿತ್ತು.

ಈಗ ಅದೇ ಯೋರ್ಡಿಸ್, ಐವತ್ತಾರು ವರ್ಷದ ಹೆಂಗಸು, ಮೀನುಪ್ಪಿನ ಮನೆಯನ್ನು ಎಂಟು ಕೋಣೆಗಳ ತಂಗುಮನೆ ಮಾಡಿಕೊಂಡವಳು, ಆ ಏಳು ದೀಪಗಳನ್ನು ಆರಿಸಬೇಕೆಂದು ಪುರಸಭೆಗೆ ಅರ್ಜಿ ಹಾಕಿದ್ದಳು. ರಾತ್ರಿಯ ಆಕಾಶದಲ್ಲಿ ಹಸಿರಾಗಿ ಹರಿಯುವ ಧ್ರುವಪ್ರಭೆ ನೋಡಲು ಬರುವವರನ್ನು ಅವಳು ಸಂಜೆ ದಂಡೆಗೆ ಕರೆದೊಯ್ಯುತ್ತಿದ್ದಳು. ದೀಪದ ಬಿಳುಪಿನಲ್ಲಿ ಆಕಾಶ ಕಾಣದೆ ಅವರು ಪಕ್ಕದ ಊರಿನ ಕತ್ತಲೆಗೆ ಹೋಗುತ್ತಿದ್ದರು. ಗುರುವಾರ, ಡಿಸೆಂಬರ್ 5ರ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಅದಕ್ಕೆ ಮೊದಲು, ಮಂಗಳವಾರ ಒಂದು ದಿನ, ಏಳರಿಂದ ಎಂಟೂವರೆಯವರೆಗೆ ದೀಪ ಆರಿಸಿ ನೋಡುವುದೆಂದು ಗೊತ್ತುಮಾಡಿದ್ದರು. ಪುರಸಭೆಯ ಅಧ್ಯಕ್ಷ ಒಡ್ಲೈವ್‌ಗೆ ತಾನೇ ಫೋನು ಮಾಡಿ, "ನೀನು ಬರೆದುಕೊಡು. ನೀನು ಬೇಡ ಅಂದ್ರೆ ಬೇಡ, ಮುಗೀತು" ಎಂದಿದ್ದ.

ಬೇಡವೆಂದು ಬರೆಯುವುದು ಒಡ್ಲೈವ್‌ನ ಮನಸ್ಸಿನಲ್ಲಿ ಆಗಲೇ ಮುಗಿದಿತ್ತು. ಕತ್ತಲಲ್ಲಿ ಎಷ್ಟು ಜನ ಜಾರಿದರು, ಎಲ್ಲಿ, ಎಷ್ಟು ಗಂಟೆಗೆ, ಎಂಬುದಷ್ಟೇ ಬಾಕಿ. ಅದಕ್ಕಾಗಿ ಜೇಬಿನಲ್ಲಿ ಟಿಪ್ಪಣಿ ಪುಸ್ತಕವೂ ಸೀಸದ ಕಡ್ಡಿಯೂ ಇದ್ದವು. ಚಳಿಗೆ ಪೆನ್ನಿನ ಶಾಯಿ ಕಟ್ಟುತ್ತದೆ.

ತಂಗುಮನೆಯ ಅಂಗಳದಲ್ಲಿ ಐವರು ನಿಂತಿದ್ದರು. ಹಾಲೆಂಡಿನ ಅಕ್ಕತಂಗಿಯರಿಬ್ಬರು, ಸಿಂಗಾಪುರದ ಹೊಸ ದಂಪತಿಗಳು, ಬೆರ್ಗೆನ್ ನಗರದ ನಿವೃತ್ತ ಹಲ್ಲಿನ ಡಾಕ್ಟರೊಬ್ಬರು. ಯೋರ್ಡಿಸ್ ಹಣೆಗೆ ಕೆಂಪು ಬೆಳಕಿನ ಬ್ಯಾಟರಿ ಕಟ್ಟಿಕೊಂಡು ಪಟ್ಟಿ ಓದಿದಳು.

"ಹಾನ್ಸೆನ್ ಅವರು ಬಂದಿದ್ದಾರಾ?"

ಒಡ್ಲೈವ್ ಕೈ ಎತ್ತಿದ.

"ಸ್ವಾಗತ, ಹಾನ್ಸೆನ್ ಅವರೇ. ದೂರದಿಂದ ಬಂದಿರಬೇಕು. ಪ್ರಯಾಣ ಸುಖವಾಗಿತ್ತಾ?"

"ಪರವಾಗಿಲ್ಲ."

"ನಮ್ಮೂರು ಹೇಗನ್ನಿಸ್ತು?"

"ದೀಪ ಚೆನ್ನಾಗಿವೆ" ಎಂದ ಒಡ್ಲೈವ್.

ಯೋರ್ಡಿಸ್ ನಗು ನುಂಗಿಕೊಂಡಳು. "ಇನ್ನು ಆರು ನಿಮಿಷ ನೋಡ್ಕೊಳ್ಳಿ ಹಾಗಾದ್ರೆ. ಬೂಟಿಗೆ ಮುಳ್ಳುಪಟ್ಟಿ ಕೊಡ್ಲಾ?"

"ಬೇಡ."

ಸರಿಯಾಗಿ ಏಳಕ್ಕೆ, ನಲವತ್ತು ಕಿಲೋಮೀಟರು ದೂರದ ಪುರಸಭೆಯ ಕಂಪ್ಯೂಟರಿನಿಂದ ಯಾರೋ ಹೊಸ ಕೆಲಸಗಾರ ಗುಂಡಿಯೊತ್ತಿದ. ಏಳು ದೀಪಗಳೂ ಒಮ್ಮೆಲೇ ಆರಿದವು. ಹಾಲೆಂಡಿನವರು ಚಪ್ಪಾಳೆ ತಟ್ಟಿದರು. ಒಡ್ಲೈವ್‌ಗೆ ಮಾತ್ರ ಯಾರೋ ತನ್ನ ಎದುರಿಗೇ ಬಾಗಿಲು ಹಾಕಿಕೊಂಡಂತಾಯಿತು.

ಸಾಲಾಗಿ ನಡೆದರು. ಒಡ್ಲೈವ್ ಎಲ್ಲರಿಗಿಂತ ಹಿಂದೆ, ಕಿವಿ ನಿಮಿರಿಸಿ, ಜಾರುವ ಸದ್ದಿಗೆ ಕಾಯುತ್ತ. ಯಾರೂ ಜಾರಲಿಲ್ಲ. ಸಿಂಗಾಪುರದ ಹೆಣ್ಣುಮಗಳು ಹುಟ್ಟಿದಾರಭ್ಯ ಹಿಮ ಕಾಣದವಳು; ಅವಳೂ ಮುಳ್ಳುಪಟ್ಟಿ ಕಿರುಗುಟ್ಟಿಸಿಕೊಂಡು ಬೆಕ್ಕಿನಂತೆ ನಡೆದಳು. ಏಳನೆಯ ಕಂಬ, ಆರನೆಯದು, ಐದನೆಯದು. ಕಂಬ ಬಂದಾಗಲೆಲ್ಲ ಅವನು ಕೈಚಾಚಿ ಅದನ್ನು ಮುಟ್ಟುತ್ತಿದ್ದ. ಅದು ಅವನ ಹಳೆಯ ರೂಢಿ. ನಾಲ್ಕನೆಯದನ್ನು ಮುಟ್ಟಲು ಚಾಚಿದ ಕೈಗೆ ಕಂಬ ಸಿಗಲಿಲ್ಲ; ಬೆಳಕಿನಲ್ಲಿ ಅಳೆದ ಹೆಜ್ಜೆ ಕತ್ತಲಲ್ಲಿ ಅರ್ಧ ಮೀಟರು ಕಡಿಮೆ ಬಿದ್ದಿತ್ತು. ಕಾಲು ಮುಂದಕ್ಕೆ ಹೋಯಿತು, ದೇಹ ಹಿಂದಕ್ಕೆ ಬಂತು, ಸ್ಕಾರ್ವಿಕಾದ ದೀಪದ ಒಡ್ಲೈವ್ ದಂಡೆ ರಸ್ತೆಯ ನಟ್ಟನಡುವೆ ಧೊಪ್ಪೆಂದು ಕುಳಿತ.

"ಏನಾದ್ರೂ ಮುರೀತಾ?" ಎಂದು ಹಲ್ಲಿನ ಡಾಕ್ಟರು ಬಾಗಿದರು.

"ಹಲ್ಲಂತೂ ಇಲ್ಲ" ಎಂದ ಒಡ್ಲೈವ್ ಸಿಟ್ಟಿನಿಂದ.

ಯೋರ್ಡಿಸ್ ಕೈಗವಸು ತೆಗೆದು ಕೈ ಕೊಟ್ಟಳು. ಅದು ಎಡಗೈ. ಅವನ ಅಂಗೈಯಲ್ಲಿ ಮೂರೇ ಬೆರಳು ಬಂದು ಕೂತವು. ಎದ್ದು ನಿಂತ ಮೇಲೂ ಅವನು ಒಂದು ಕ್ಷಣ ಅದನ್ನು ಬಿಡಲಿಲ್ಲ.

"ಬರ್ಕೊಳ್ಳಿ, ದೀಪದ ಮಾಮ" ಎಂದಳು ಅವಳು ತಗ್ಗಿದ ದನಿಯಲ್ಲಿ. "ಏಳು ಗಂಟೆ ಹನ್ನೆರಡು ನಿಮಿಷ. ಬಿದ್ದೋರು ಒಬ್ಬರು. ಊರಿನೋರೇ."

ಚೌಕಟ್ಟುಗಳ ಬಳಿ ಅವಳು ಹಿಮಸಾರಂಗದ ಚರ್ಮಗಳನ್ನು ಹಾಸಿದಳು. ಫ್ಲಾಸ್ಕಿನಿಂದ ಮೀನಿನ ಸಾರು ಬಗ್ಗಿಸಿ ಎಲ್ಲರಿಗೂ ಕೊಟ್ಟಳು. ಮೋಡ ಪಶ್ಚಿಮಕ್ಕೆ ಸರಿಯುತ್ತಿತ್ತು. ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಡಾಕ್ಟರು ಹಣ ವಾಪಸು ಉಂಟೇ ಎಂದು ತಮಾಷೆಗೆ ಕೇಳಿದರು. ಆಕಾಶದ ಜವಾಬ್ದಾರಿ ತನ್ನದಲ್ಲ, ಸಾರಿನದು ಮಾತ್ರ ಎಂದಳು ಯೋರ್ಡಿಸ್. ಎಂಟಕ್ಕೆ ಐದು ನಿಮಿಷವಿದ್ದಾಗ ಬೆಟ್ಟದ ನೆತ್ತಿಯಲ್ಲಿ ಬೂದಿಯಂಥ ಒಂದು ಗೆರೆ ಮೂಡಿತು. ಮೋಡವೆಂದುಕೊಳ್ಳುವಷ್ಟರಲ್ಲಿ ಅದು ಹಸಿರಾಯಿತು. ಡಾಕ್ಟರಿಗೆ ಉತ್ಸಾಹ ತಡೆಯಲಿಲ್ಲ. ಕೊರಳಿನ ಬಿಳಿ ಉಣ್ಣೆಯ ಶಾಲನ್ನು ಎಳೆದು, ರೈಲು ನಿಲ್ಲಿಸುವವರಂತೆ ತಲೆಯ ಮೇಲೆ ಬೀಸತೊಡಗಿದರು.

"ಬೀಸಬೇಡಿ!"

ಕೂಗಿದವನು ಒಡ್ಲೈವ್. ಕೂಗಿದ ಮೇಲೆ ಅವನಿಗೇ ನಾಚಿಕೆಯಾಯಿತು. ಬಿಳಿಯದನ್ನು ಬೀಸಿದರೆ ಆ ಬೆಳಕು ಕೆಳಗಿಳಿದು ಬಂದು ಬೀಸಿದವರನ್ನು ಎತ್ತಿಕೊಂಡು ಹೋಗುತ್ತದೆಂದು ಆ ಕರಾವಳಿಯ ಪ್ರತಿ ಅಜ್ಜಿಯೂ ಪ್ರತಿ ಮಗುವಿಗೂ ಹೇಳಿ ಬೆಳೆಸಿದವಳು. ನಲವತ್ತೈದು ವರ್ಷ ವಿದ್ಯುತ್ತಿನ ಜೊತೆ ಬಾಳಿದ ಮನುಷ್ಯನ ಬಾಯಿಂದಲೂ ಅಜ್ಜಿಯೇ ಮಾತಾಡಿಬಿಟ್ಟಿದ್ದಳು. ಡಾಕ್ಟರು ನಕ್ಕರು. ಯೋರ್ಡಿಸ್ ನಗಲಿಲ್ಲ. ಐವರನ್ನೂ ಫೋಟೋ ತೆಗೆಯಲು ನೀರಿನಂಚಿಗೆ ಕಳುಹಿಸಿ, ಒಡ್ಲೈವ್‌ನ ಪಕ್ಕದ ಚರ್ಮದ ಮೇಲೆ ಕುಳಿತಳು.

"ನೀನೇ ಈ ದೀಪ ಆರ್ಸು ಅಂತ ಬರೆದೆಯಲ್ಲ" ಎಂದ ಅವನು, ಹತ್ತು ದಿನದಿಂದ ಗಂಟಲಲ್ಲಿದ್ದುದನ್ನು. "ಬೇರೆ ಯಾರಾದ್ರೂ ಆಗಿದ್ರೆ ನನಗೆ ಏನೂ ಅನ್ನಿಸ್ತಿರ್ಲಿಲ್ಲ. ನೀನು, ಯೋರ್ಡಿಸ್! ಇದೇ ಜಾಗ."

"ಇದೇ ಜಾಗ. ಅದಕ್ಕೇ ಹೇಳ್ತೀನಿ, ಕೇಳಿ. ಬೈಯೋದಾದ್ರೆ ಕೊನೇಲಿ ಬೈಯಿರಿ." ಅವಳು ಕೈಗವಸನ್ನು ಮಡಿಲಲ್ಲಿ ಮಡಿಸಿದಳು. "ಅವತ್ತು ನಾನು ದಾರಿ ತಪ್ಪಿರ್ಲಿಲ್ಲ, ಮಾಮ."

"ಏನಂದೆ?"

"ಗಾಳಿ ನಿಂತಿತ್ತು. ಆಕಾಶ ಪೂರ್ತಿ ಹೊತ್ಕೊಂಡಿತ್ತು, ಇಲ್ಲಿಂದಲೇ ನಮ್ಮನೆ ಚಿಮಣಿ ಕಾಣ್ತಿತ್ತು. ನಾನು ನೋಡೋಕೆ ಅಂತ ಕೂತೆ. ಅಜ್ಜಿ ಬೀಸಬೇಡ ಅಂದಿದ್ದಳಲ್ಲ, ಬೀಸಿದ್ರೆ ನಿಜವಾಗ್ಲೂ ಬರುತ್ತಾ ಅಂತ ನೋಡ್ಬೇಕನ್ನಿಸ್ತು. ಅಜ್ಜಿನೇ ಹೆಣೆದ ಬಿಳೀ ಕೈಗವಸು. ತೆಗೆದು ಬೀಸಿದೆ. ಆಗಲೇ ಗಾಳಿ ಬಂದು ಕಿತ್ಕೊಂಡು ಹೋಯ್ತು."

"ಸಮುದ್ರಕ್ಕಾ?"

"ಯಾರಿಗೆ ಗೊತ್ತು? ಹಿಂದೇನೇ ಹಿಮ ಸುರೀತು. ಕೈಗವಸಿಲ್ದೆ ಮನೆಗೆ ಹೋದ್ರೆ ಅಜ್ಜಿಗೆ ಗೊತ್ತಾಗುತ್ತೆ ಅಂತ ಹುಡುಕ್ತಾ ಕೂತೆ. ಆಮೇಲೆ ನೀವು ಬಂದ್ರಿ."

"ಮತ್ತೆ ಕತ್ತಲಲ್ಲಿ ದಾರಿ ಕಾಣ್ಲಿಲ್ಲ ಅಂತ ಹೇಳಿದೆಯಲ್ಲ?"

"ನಾನು ಹೇಳ್ಲಿಲ್ಲ. ಹಾಸಿಗೆ ಪಕ್ಕ ಆಗಿನ ಅಧ್ಯಕ್ಷರು ಬಂದು ಕೂತು, 'ಕತ್ತಲೆ ಇತ್ತಲ್ವಾ ಮಗು, ದಾರಿ ಕಾಣ್ಲಿಲ್ಲ ಅಲ್ವಾ' ಅಂದ್ರು. ಬೆರಳು ಬೇರೆ ಹೋಗಿತ್ತು. ಬೀಸಿದ್ದಕ್ಕೇ ಆ ಬೆಳಕು ಬಂದು ತಗೊಂಡು ಹೋಯ್ತು ಅಂತ ಅಜ್ಜಿ ಅಂತಾಳೆ ಅಂತ ಹೆದರಿಕೆ. ಹೂಂ ಅಂದೆ. ಒಂದೇ ಒಂದು ಹೂಂ, ಮಾಮ. ನೀವು ಏಳು ಕಂಬ ನೆಟ್ಟುಬಿಟ್ರಿ!"

ಒಡ್ಲೈವ್ ನಾಲ್ಕನೆಯ ಕಂಬದತ್ತ ತಿರುಗಿದ. 1973ರ ಬೇಸಿಗೆಯಲ್ಲಿ ಆ ಕಲ್ಲುನೆಲಕ್ಕೆ ಗುಂಡಿ ತೋಡುವಾಗ ಮೂರು ಹಾರೆಗಳು ಬಾಗಿದ್ದವು. ಕಪಾಟಿನಲ್ಲಿ ನಲವತ್ತಾರು ಡಬ್ಬಿಗಳಿದ್ದವು. ಅವು ಕೃತಜ್ಞತೆಯಲ್ಲ, ಒಂದು ಸಣ್ಣ ಹುಡುಗಿಯ ಬಾಯಿಗೆ ಬಾರದ ಮಾತು ಎಂಬುದು ಈಗ ಅವನಿಗೆ ಹೊಳೆಯಿತು.

"ನಲವತ್ತೇಳು ವರ್ಷ ಬಾಯಿ ಮುಚ್ಕೊಂಡಿದ್ದೆ" ಎಂದಳು ಅವಳು.

"ಇನ್ನೂ ಆಗಿಲ್ಲ" ಎಂದ ಒಡ್ಲೈವ್ ಒರಟಾಗಿ. "ನಾಲ್ಕು ದಿನ ಕಮ್ಮಿ."

ಅವಳು ಮೂಗು ಒರೆಸಿಕೊಂಡು ನಕ್ಕಳು. ಆಮೇಲೆ ಹೇಳಿದಳು: "ದೀಪ ಬೇಡ ಅಂತ ಅಲ್ಲ. ನನ್ನ ಮಕ್ಕಳು ಇದರ ಕೆಳಗೇ ಶಾಲೆಗೆ ಹೋದ್ರು. ಆದ್ರೆ ಅವತ್ತು ನಾನು ಕಂಡದ್ದನ್ನ ಆಮೇಲೆ ಈ ರಸ್ತೇಲಿ ಯಾರೂ ಕಂಡಿಲ್ಲ. ನೀವಂತೂ ಇಲ್ಲ. ನೀವು ಯಾವಾಗ್ಲೂ ಬಲ್ಬ್ ನೋಡ್ಕೊಂಡೇ ನಡೆಯೋರು. ಈಗ ಬೈಯಿರಿ ಬೇಕಾದ್ರೆ."

ಬೈಯಲೆಂದೇ ಅವನು ತಲೆಯೆತ್ತಿದ್ದು. ಆದರೆ ತಲೆಯೆತ್ತಿದ ಮೇಲೆ ಬೈಗುಳ ಮರೆತುಹೋಯಿತು.

ಬೆಟ್ಟದಿಂದ ಸಮುದ್ರದಾಚೆಯ ದ್ವೀಪದವರೆಗೆ ಹಸಿರು ಪಟ್ಟಿಯೊಂದು ಹಾಸಿಕೊಂಡಿತ್ತು. ಅದರ ಒಂದು ಅಂಚು ಯಾರೋ ಒಗೆದ ಬಟ್ಟೆ ಕೊಡವಿದಂತೆ ಅಲುಗಿತು. ಆ ಅಲುಗು ಆಕಾಶದ ಉದ್ದಕ್ಕೂ ಓಡಿ, ನಡುನೆತ್ತಿಯಲ್ಲಿ ಸುರುಳಿಯಾಗಿ, ಕೆಳಗಂಚಿನಲ್ಲಿ ನಸುಗೆಂಪು ಚೆಲ್ಲಿ ನಿಂತಿತು. ಹಿಮದ ಮೇಲೂ ಹಸಿರು, ನೀರಿನ ಮೇಲೂ ಹಸಿರು. ಚೌಕಟ್ಟುಗಳ ನೆರಳು ನೆಲದ ಮೇಲೆ ಬಿದ್ದು, ಹಂದಾಡಿತು. ಇಷ್ಟೊಂದು ಬೆಳಕಿಗೆ ಎಲ್ಲೂ ಒಂದು ತಂತಿಯಿಲ್ಲ, ಸದ್ದಿಲ್ಲ, ಬಿಸಿಯಿಲ್ಲ. ಮೀನುಪ್ಪಿನ ಮನೆಯ ಚಿಮಣಿ ಅಲ್ಲಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಹುಡುಗಿ ಅವನಿಗೆ ಈಗ ಹೇಳಿದ್ದು ಸುಳ್ಳಲ್ಲ.

ಎಷ್ಟು ಹೊತ್ತಾಯಿತೆಂದು ಒಡ್ಲೈವ್ ನೋಡಿಕೊಳ್ಳಲಿಲ್ಲ. ಬಹುಶಃ ಅವನ ಬಾಳಿನಲ್ಲಿ ಲೆಕ್ಕವಿಡದ ಇಪ್ಪತ್ತು ನಿಮಿಷಗಳು ಅವು. ನೆತ್ತಿಯ ಸುರುಳಿ ಬಿಚ್ಚಿಕೊಂಡು ಕೆಳಗೆ ಸುರಿಯತೊಡಗಿತ್ತು. ಅಷ್ಟರಲ್ಲಿ ಸರಿಯಾಗಿ ಎಂಟೂವರೆಗೆ ಏಳು ದೀಪಗಳೂ ಭಗ್ಗನೆ ಹೊತ್ತಿಕೊಂಡವು.

ಆಕಾಶ ಕಪ್ಪು ಹಲಗೆಯಾಯಿತು.

"ಥತ್ ಇವನ ಮನೆ ಹಾಳಾಗ!" ಎಂಬ ಕೂಗು ದಂಡೆಯ ಉದ್ದಕ್ಕೂ ಕೇಳಿತು. ಹಾಲೆಂಡಿನವರೂ ಡಾಕ್ಟರೂ ತಿರುಗಿ ನೋಡಿದರು. ಕೂಗಿದವನು ನಾಲ್ಕನೆಯ ಕಂಬದ ಕೆಳಗೆ, ಅದರ ಬೆಳಕಿನಲ್ಲೇ, ಕೈಯನ್ನು ಹಣೆಗೆ ಅಡ್ಡ ಹಿಡಿದು ನಿಂತಿದ್ದ. ಈ ದೀಪಗಳು ಹೊತ್ತುವ ಕ್ಷಣವನ್ನು ನೋಡಲೆಂದೇ ಒಂದು ಕಾಲದಲ್ಲಿ ಊಟ ಬಿಟ್ಟು ಬರುತ್ತಿದ್ದವನು ಅವನು.

ಯೋರ್ಡಿಸ್ ಅವನತ್ತ ತಿರುಗಿದಳು. ಅವನ ಕೈ ಕೋಟಿನ ಒಳಜೇಬಿಗೆ ಹೋಗುವುದನ್ನು ನೋಡುತ್ತಿದ್ದಳು. ನಿವೃತ್ತಿಯ ದಿನ ಅವನು ಪುರಸಭೆಗೆ ಒಟ್ಟು ಇಪ್ಪತ್ತೆರಡು ಕೀಲಿಗಳನ್ನು ಒಪ್ಪಿಸಿ ಸಹಿ ಹಾಕಿದ್ದ. ಇಪ್ಪತ್ತಮೂರನೆಯದು ಮಾತ್ರ ಹೇಗೋ ಮನೆಯಲ್ಲೇ ಉಳಿದುಕೊಂಡಿತ್ತು. ಅದನ್ನು ಕಂಬದ ಬುಡದ ಪೆಟ್ಟಿಗೆಗೆ ಹಾಕಿ ತಿರುಗಿಸಿ, ಒಳಗಿನ ಸ್ವಿಚ್ಚಿನ ಕೈಹಿಡಿಯನ್ನು ಹಿಡಿದ. ಹೊತ್ತಿಸುವುದು ಅವನ ಕೈಗೆ ಅಭ್ಯಾಸ. ಆರಿಸುವುದು ದುರಸ್ತಿಗೆ ಮಾತ್ರ. ಒಂದು ಸಲ ಉಸಿರೆಳೆದು ಕೆಳಗೆ ಜಗ್ಗಿದ. ಏಳೂ ಆರಿದವು. ಮೇಲಿನದು ತನ್ನ ಪಾಡಿಗೆ ಹರಿಯುತ್ತಲೇ ಇತ್ತು.

"ಬನ್ನಿ ಮಾಮ, ಕೂತ್ಕೊಳ್ಳಿ" ಎಂದಳು ಯೋರ್ಡಿಸ್.

"ರಸ್ತೆ ಕತ್ತಲಾಗಿರೋವಾಗ ಪೆಟ್ಟಿಗೆ ಹತ್ರ ಒಬ್ಬರು ಇರ್ಬೇಕು" ಎಂದ ಅವನು, ಕೈಹಿಡಿಯಿಂದ ಕೈ ತೆಗೆಯದೆ. "ಅದೇ ಕ್ರಮ."

ಒಂಬತ್ತಕ್ಕೆ ಮೋಡ ಮತ್ತೆ ಮುಚ್ಚಿದಾಗ ದೀಪ ಹಾಕಿ, ಪೆಟ್ಟಿಗೆಗೆ ಬೀಗ ಹಾಕಿ, ಮನೆಗೆ ಬಂದ. ಆಸ್ಲೌಗ್ ತಟ್ಟೆ ಮುಚ್ಚಿಟ್ಟುಕೊಂಡು ಕಾದಿದ್ದಳು.

"ಎಷ್ಟು ಜನ ಬಿದ್ರು?"

"ಒಬ್ಬರು."

"ಹಾನ್ಸೆನ್ ತಾನೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವನ ಕೋಟಿನ ಹಿಂದಿನ ಹಿಮ ಕೊಡವಿದಳು.

ಹುಡುಗಿಯ ಮಾತನ್ನು ಅವನು ಹೆಂಡತಿಗೂ ಹೇಳಲಿಲ್ಲ. ಬುಧವಾರವಿಡೀ ಕಾಗದ ಬರೆದು ಹರಿದ. ಗುರುವಾರ ಸಭೆಯಲ್ಲಿ ಓದಲಾದ ಅವನ ಪತ್ರದಲ್ಲಿ ಇದ್ದುದು ಏಳೇ ಸಾಲು. ದಂಡೆ ರಸ್ತೆಯ ದೀಪಗಳನ್ನು ಶಾಶ್ವತವಾಗಿ ತೆಗೆಯಕೂಡದು. ಮಂಗಳವಾರ ಮತ್ತು ಶನಿವಾರ, ಏಳರಿಂದ ಒಂಬತ್ತರವರೆಗೆ, ಗಾಳಿಯೂ ಹಿಮವೂ ಇಲ್ಲದಿದ್ದರೆ ಮಾತ್ರ ಆರಿಸಬಹುದು. ದೂರದಿಂದ ಕಂಪ್ಯೂಟರಿನಲ್ಲಿ ಆರಿಸುವುದು ಸಲ್ಲದು. ಆಕಾಶ ನೋಡಬಲ್ಲ ಮನುಷ್ಯನೊಬ್ಬ ಪೆಟ್ಟಿಗೆಯ ಬಳಿ ನಿಂತು ಕೈಯಿಂದಲೇ ಮಾಡತಕ್ಕದ್ದು. ಮಕ್ಕಳು ಶಾಲೆಯಿಂದ ಮನೆ ಸೇರಿದ್ದಾರೆಂದು ಆತ ಮೊದಲು ಖಚಿತಪಡಿಸಿಕೊಳ್ಳಬೇಕು. ಈ ಕೆಲಸಕ್ಕೆ ಕೆಳಗೆ ಸಹಿ ಮಾಡಿದವನು ಸಂಬಳವಿಲ್ಲದೆ ಸಿದ್ಧನಿದ್ದಾನೆ. ಕೊನೆಯ ಸಾಲು: ಕೀಲಿ ಈಗಾಗಲೇ ಅವನ ಬಳಿ ಇದೆ, ಅದಕ್ಕೆ ಕ್ಷಮೆಯಿರಲಿ.

ಸಭೆ ಒಪ್ಪಿತು. ಹೀಗೆ 2019ರ ಡಿಸೆಂಬರ್ 7, ಶನಿವಾರ, ಏಳು ಗಂಟೆಗೆ, ಬೂಟಿಗೆ ಮುಳ್ಳುಪಟ್ಟಿ ಕಟ್ಟಿಕೊಂಡು ಒಡ್ಲೈವ್ ಏಳು ದೀಪಗಳನ್ನು ಆರಿಸಿದ. ಯೋರ್ಡಿಸ್ ಹನ್ನೊಂದು ಜನರನ್ನು ಚೌಕಟ್ಟುಗಳ ಬಳಿ ಕೂರಿಸಿ, ಅವನಿಗೆ ಬಿಸಿ ಸಾರೂ ಒಂದು ಡಬ್ಬಿ ತಿಂಡಿಯೂ ತಂದುಕೊಟ್ಟಳು.

"ಈ ವರ್ಷದ್ದು ಬೇಗ ಬಂತಲ್ಲ?" ಎಂದ ಅವನು.

"ಇದು ಕೊನೇದು ಮಾಮ. ಸಾಲ ತೀರ್ತು."

"ಯಾರು ಹೇಳಿದ್ದು? ಫ್ಯೂಸು ಇಡೋಕೆ ಇನ್ನೂ ಡಬ್ಬಿ ಬೇಕು ನನಗೆ. ಹೋಗು, ಜನ ಕಾಯ್ತಿದ್ದಾರೆ."

ಅವಳು ನಗುತ್ತ ಹೋದಳು. ಅಂದು ಬೆಳಕು ಬೇಗನೆ ಬಂತು, ಏಳೂ ಇಪ್ಪತ್ತಕ್ಕೇ. ಒಡ್ಲೈವ್ ಒಂದು ಕೈಯನ್ನು ಪೆಟ್ಟಿಗೆಯ ಕೈಹಿಡಿಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಇನ್ನೊಂದು ಕೈಯ ಗವಸನ್ನು ಹಲ್ಲಿನಿಂದ ಕಚ್ಚಿ ಎಳೆದ. ಆಸ್ಲೌಗ್ ಹೆಣೆದ ಅದು ಬಿಳಿಯದಲ್ಲ, ಬೂದುಬಣ್ಣದ್ದು. ಹಾಗಾಗಿ ಅಂಥ ಅಪಾಯವೇನೂ ಇರಲಿಲ್ಲ. ರಸ್ತೆಯ ಆ ಬದಿ ನೋಡಿದ, ಈ ಬದಿ ನೋಡಿದ. ಗವಸನ್ನು ಕಿವಿಯ ಎತ್ತರದವರೆಗೆ ಎತ್ತಿ, ಎರಡು ಸಲ ಮೆಲ್ಲಗೆ ಅಲ್ಲಾಡಿಸಿ, ಅದರಿಂದಲೇ ಕಿವಿ ತುರಿಸಿಕೊಂಡಂತೆ ಮಾಡಿ, ಗಾಳಿ ಬರುವ ಮೊದಲೇ ಮತ್ತೆ ತೊಟ್ಟುಕೊಂಡ.